ಎಸೆಯೋನೊಬ್ಬ, ಹೊಡೆಯೋನೊಬ್ಬ

ಬೇಸ್‌ಬಾಲ್ ಅಂದ ತಕ್ಷಣ ಮುಂದಿನ ಬ್ಲಾಗಿಗೆ ಹೊರಟುಬಿಡಬೇಡಿ, ಸ್ವಲ್ಪ ತಾಳಿ :) ಕ್ರಿಕೆಟ್ ಗೊತ್ತಿದ್ದರೆ ಸಾಕು, ಈ ಜಗಳ ಅರ್ಥವಾಗುತ್ತೆ. ಬ್ಯಾಟಿಂಗ್ ಬಾರದ ಬೌಲರ್ ಬ್ಯಾಟ್ ಹಿಡಿದು ಬರಲೇಬೇಕಾ, ಅವನ ಬದಲು ಇನ್ನೊಬ್ಬ ಬಂದರೆ ಏನು ತಪ್ಪು? ಅಮೆರಿಕದವರು ಐವತ್ತು ವರ್ಷ ಕಿತ್ತಾಡಿದ್ದು ಇದಕ್ಕೇ.

ಬೇಸ್‌ಬಾಲ್ ತಂಡದಲ್ಲಿ ಒಂಬತ್ತು ಜನ. ಒಂಬತ್ತೂ ಜನ ಸರದಿ ಪ್ರಕಾರ ಬ್ಯಾಟ್ ಮಾಡಬೇಕು. ಚೆಂಡು ಎಸೆಯುವ ಪಿಚರ್‌ಗೆ ಮಾತ್ರ ಸಾಮಾನ್ಯವಾಗಿ ಬ್ಯಾಟಿಂಗ್ ಬರಲ್ಲ. 1972ರಲ್ಲಿ ಅಮೆರಿಕನ್ ಲೀಗಿನ ಬ್ಯಾಟಿಂಗ್ ಸರಾಸರಿ .239ಕ್ಕೆ ಬಿದ್ದಿತ್ತು. ರನ್ ಇಲ್ಲದಿದ್ದರೆ ನೋಡೋಕೆ ಯಾರು ಬರ್ತಾರೆ? ಅದಕ್ಕೇ 1973ರಲ್ಲಿ ಪಿಚರ್ ಬದಲು ಹೊಡೆಯೋಕಂತಲೇ ಒಬ್ಬ 'ಡೆಸಿಗ್ನೇಟೆಡ್ ಹಿಟರ್', ಅಂದರೆ ಡಿಹೆಚ್ ಬಂದ. ಅವನು ಫೀಲ್ಡಿಂಗ್ ಮಾಡೋದಿಲ್ಲ, ಬರೀ ಬ್ಯಾಟಿಂಗ್. ಆ ವರ್ಷ ಏಪ್ರಿಲ್ 6ರಂದು ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಯಾಂಕೀಸ್ ತಂಡದ ರಾನ್ ಬ್ಲೂಮ್‌ಬರ್ಗ್ ಮೊದಲ ಡಿಹೆಚ್ ಆಗಿ ಬಂದರು. ಮೂರೂ ಬೇಸ್ ತುಂಬಿತ್ತು. ಆದದ್ದೇನು? ವಾಕ್ ಸಿಕ್ಕಿತು! ಹೊಡೆಯೋಕಂತಲೇ ಕರೆತಂದವರಿಂದ ಮೊದಲ ರನ್ ಬಂದದ್ದು ಹೊಡೆತವಿಲ್ಲದೆ.

ನ್ಯಾಷನಲ್ ಲೀಗ್‌ನವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆಟ ಒಂದೇ, ನಿಯಮ ಎರಡು. ಕೋವಿಡ್ ವರ್ಷ 2020ರಲ್ಲಿ ತಾತ್ಕಾಲಿಕವಾಗಿ ಒಪ್ಪಿ, 2021ರಲ್ಲಿ ಮತ್ತೆ ಬಿಟ್ಟು, ಕೊನೆಗೆ 2022ರಿಂದ ಎರಡೂ ಲೀಗಿಗೆ ಡಿಹೆಚ್ ಕಾಯಂ ಆಯಿತು.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಪರಮಭಕ್ತರು. ನ್ಯಾಷನಲ್ ಲೀಗಿನವರಾದರೂ ಡಿಹೆಚ್ ಬೇಕೇ ಬೇಕು ಅಂತಾರೆ. ಅವರ ಪ್ರೀತಿಯ ಪಿಚರ್ ಆಡಮ್ ವೇನ್‌ರೈಟ್ 2015ರ ಏಪ್ರಿಲ್‌ನಲ್ಲಿ ಬ್ಯಾಟ್ ಬೀಸಿ ಓಡಲು ಹೋಗಿ ಹಿಮ್ಮಡಿಯ ಸ್ನಾಯು ಹರಿದುಕೊಂಡರು. "ಬಾರದ ಕೆಲಸ ಮಾಡಿಸಿ ಬರುವ ಕೆಲಸವನ್ನೂ ಕಳೆದರು" ಅನ್ನೋದು ಇವರ ಸಿಟ್ಟು. ಲೆಕ್ಕವೂ ಇವರ ಕಡೆಗೇ ಇದೆ. 2021ರಲ್ಲಿ ಪಿಚರ್‌ಗಳ ಸರಾಸರಿ .110, ಅಂದರೆ ನೂರಕ್ಕೆ ಹನ್ನೊಂದು ಹಿಟ್.

ಆದರೂ ನನಗೆ ಸಮಾಧಾನವಿಲ್ಲ. 2016ರ ಮೇ 7ರಂದು ಸ್ಯಾನ್ ಡಿಯೇಗೋದಲ್ಲಿ ಬಾರ್ಟೋಲೋ ಕೊಲೋನ್ ಅನ್ನೋ ದಢೂತಿ ಪಿಚರ್, ವಯಸ್ಸು 43 ಆಗಲು ಇನ್ನೇನು ಕೆಲವೇ ದಿನ, ಜೀವನದ ಮೊದಲ ಹೋಮ್ ರನ್ ಹೊಡೆದರು! ಬೇಸ್‌ಗಳನ್ನು ಸುತ್ತಿ ಬರಲು ಅರ್ಧ ನಿಮಿಷ ತೆಗೆದುಕೊಂಡರು. ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ. ನಮ್ಮವರನ್ನೇ ನೋಡಿ. ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ಗಳಲ್ಲಿ ತೆಗೆದ ವಿಕೆಟ್ 242, ಹೊಡೆದ ರನ್ 167. ಡಿಹೆಚ್ ಇದ್ದಿದ್ದರೆ ಅವರಿಗೆ ಬ್ಯಾಟ್ ಹಿಡಿಯುವ ಕಷ್ಟವೇ ಇರ್ತಿರಲಿಲ್ಲ, ನಿಜ. ಆದರೆ ಕ್ರಿಕೆಟ್ಟಿನಲ್ಲಿ ಅಂಥ ನಿಯಮ ಇದ್ದಿದ್ದರೆ 2007ರಲ್ಲಿ ಓವಲ್‌ನಲ್ಲಿ ಕುಂಬ್ಳೆ ಹೊಡೆದ ಅಜೇಯ 110 ಕೂಡ ಇರ್ತಿತ್ತೋ ಇಲ್ಲವೋ. ತಮ್ಮ 118ನೇ ಟೆಸ್ಟ್‌ನಲ್ಲಿ, ಅವರ ಒಂದೇ ಒಂದು ಶತಕ! ಸರಾಸರಿ ನೋಡಿ ನಿಯಮ ಮಾಡುವವರಿಗೆ ಇಂಥ ದಿನ ಕಾಣೋದೇ ಇಲ್ಲ.

ಈಗಿನ ಚರ್ಚೆ 'ಡಬಲ್ ಹುಕ್' ಬಗ್ಗೆ. ಆಟ ಶುರು ಮಾಡಿದ ಪಿಚರ್‌ನ ಹೊರಗೆ ಕರೆದರೆ ಅವನ ಜೊತೆ ಡಿಹೆಚ್ ಕೂಡ ಹೋಗಬೇಕು. ಅಟ್ಲಾಂಟಿಕ್ ಲೀಗಿನಲ್ಲಿ 2021ರಲ್ಲಿ ಪ್ರಯೋಗ ಮಾಡಿದರು. ಪಿಚರ್ ಐದು ಇನ್ನಿಂಗ್ಸ್ ಮುಗಿಸಿದರೆ ಡಿಹೆಚ್ ಉಳಿಯಬಹುದು ಅನ್ನೋ ಸಡಿಲಿಕೆಯನ್ನು ಆಮೇಲೆ ತಂದರು. ನನಗೆ ಈ ಸಡಿಲಿಕೆ ಇರುವ ರೂಪವೇ ಇಷ್ಟ. ಈಗಂತೂ ಬ್ಯಾಟರ್‌ಗಳು ಮೂರನೇ ಸಲ ಎದುರಾಗುವ ಮೊದಲೇ ಪಿಚರ್‌ನ ಎಬ್ಬಿಸಿ ಕಳಿಸ್ತಾರೆ. ಈ ನಿಯಮ ಬಂದರೆ ಮ್ಯಾನೇಜರ್ ಎರಡು ಸಲ ಯೋಚಿಸಬೇಕಾಗುತ್ತೆ. ವೇನ್‌ರೈಟ್‌ಗೆ ಆದಂಥ ಅಪಾಯವೂ ಕಡಿಮೆ, ಏಕೆಂದರೆ ಆಟ ಶುರು ಮಾಡಿದ ಪಿಚರ್ ಬ್ಯಾಟ್ ಮುಟ್ಟಬೇಕಿಲ್ಲ.

"ಪಿಚರ್ ಕೆಟ್ಟದಾಗಿ ಎಸೆದರೆ ಹೊಡೆಯೋನಿಗೆ ಯಾಕೆ ಶಿಕ್ಷೆ?" ಅಂತ ನನ್ನ ಸ್ನೇಹಿತರ ಪ್ರಶ್ನೆ. ತಂಡ ಅಂದರೆ ಅದೇ ಅಲ್ವಾ? ಒಬ್ಬನ ಬಡತನವನ್ನ ಇನ್ನೊಬ್ಬ ಹೊರೋದು. ಎಲ್ಲರಿಗೂ ಬರೋದಷ್ಟನ್ನೇ ಹಂಚಿಕೊಟ್ಟರೆ ಒಳ್ಳೆ ಕಾರ್ಖಾನೆ ಆದೀತು, ಆಟ ಸಪ್ಪೆಯಾಗುತ್ತೆ.

"ಹಾಗಾದ್ರೆ ಒಹ್ತಾನಿ?" ಅಂತಾರೆ. ಸರಿ, ಎರಡೂ ಬರುವ ಆ ಪುಣ್ಯಾತ್ಮನಿಗೆ 2022ರಿಂದ ಬೇರೆ ಅನುಕೂಲವೇ ಇದೆ. ಪಿಚಿಂಗ್ ಬಿಟ್ಟ ಮೇಲೂ ಡಿಹೆಚ್ ಆಗಿ ಮುಂದುವರಿಯಬಹುದು. 2025ರ ಅಕ್ಟೋಬರ್ 17ರಂದು ಒಂದೇ ಆಟದಲ್ಲಿ ಹತ್ತು ಜನರನ್ನ ಸ್ಟ್ರೈಕ್‌ಔಟ್ ಮಾಡಿ ಮೂರು ಹೋಮ್ ರನ್ ಹೊಡೆದರು. ಪಿಚರ್‌ಗೆ ಬ್ಯಾಟಿಂಗ್ ಬರೋದೇ ಇಲ್ಲ ಅಂತ ಮೊದಲೇ ಬಾಗಿಲು ಹಾಕಿದರೆ ಇನ್ನೊಬ್ಬ ಒಹ್ತಾನಿ ಎಲ್ಲಿಂದ ಬರಬೇಕು?

ಐಪಿಎಲ್‌ನಲ್ಲೂ 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ಬಂದಿದ್ದು ನಿಮಗೆ ಗೊತ್ತೇ ಇದೆ. ಆಲ್‌ರೌಂಡರ್‌ಗಳ ಕೈಗೆ ಚೆಂಡು ಸಿಗೋದು ಕಡಿಮೆಯಾಯ್ತು ಅಂತ ರೋಹಿತ್ ಶರ್ಮಾ ಕೂಡ ಬೇಸರ ಹೇಳಿಕೊಂಡಿದ್ದರು. ನಿಮಗೇನನ್ನಿಸುತ್ತೆ? ಬಾರದ ಬ್ಯಾಟ್ ಹಿಡಿದವನು ಬೇಕೋ ಬೇಡವೋ, ಕಾಮೆಂಟಿನಲ್ಲಿ ಬರೀರಿ. ಜಗಳಕ್ಕೆ ನಾನು ರೆಡಿ :)