ನಂದಿಯ ತಪ್ಪಲಲ್ಲಿ ದ್ರಾಕ್ಷಿಯ ಪಾಠ

‘ವೈನ್ ಮಾಡೋ ಜಾಗಕ್ಕೆ ಮಗಳನ್ನು ಕರೆದುಕೊಂಡು ಹೋಗ್ತೀರಾ? ಬೇರೆ ಊರೇ ಸಿಗಲಿಲ್ಲವೇ?’ ಎಂದು ಮನೆಯಾಕೆ ಹುಬ್ಬೇರಿಸಿದಳು. ಪಿಯುಸಿ ಮುಗಿಸಿ ತೋಟಗಾರಿಕೆ ಓದುತ್ತೇನೆಂದು ಹಟ ಹಿಡಿದಿದ್ದ ಮಗಳು, ‘ಅಮ್ಮಾ, ನಾನು ನೋಡೋದು ದ್ರಾಕ್ಷಿ, ಬಾಟಲಿ ಅಲ್ಲ’ ಎಂದಳು. ಅಂತೂ ಫೆಬ್ರುವರಿಯ ಒಂದು ಬೆಳಿಗ್ಗೆ ಮೂವರೂ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆವು.

ಬೆಂಗಳೂರಿನ ಉತ್ತರಕ್ಕೆ ಕೆಂಪು ಮಣ್ಣಿನ ಸೀಮೆ. ದೂರದಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟ. ಇಲ್ಲಿ ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು. ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ತಂಪು ಹುಳಿಯನ್ನು ಕಾಪಾಡುತ್ತದೆ. ವೈನಿಗೆ ಎರಡೂ ಬೇಕು.

ಈ ನೆಲದ ಹಳೆಯ ಬೆಳೆ ‘ಬೆಂಗಳೂರು ಬ್ಲೂ’. ದಪ್ಪ ಸಿಪ್ಪೆ, ಒಳಗೆ ಬೀಜ, ಘಮ್ಮೆನ್ನುವ ವಾಸನೆ. 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಹಣ್ಣು ಜ್ಯೂಸಿಗೂ ಜಾಮಿಗೂ ಸೈ. ಆದರೆ ಉತ್ತಮ ದರ್ಜೆಯ ವೈನಿಗೆ ಫ್ರಾನ್ಸ್ ಮೂಲದ ತಳಿಗಳೇ ಬೇಕೆಂದು ಕನ್ವಲ್ ಗ್ರೋವರ್ 1980ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದರು. ಕ್ಯಾಬರ್ನೆ ಸೋವಿನ್ಯೋಂ, ಶಿರಾಜ್, ಸೋವಿನ್ಯೋಂ ಬ್ಲಾಂಕ್ ಬಳ್ಳಿಗಳು ಹೀಗೆ ನಂದಿಯ ತಪ್ಪಲಿನಲ್ಲಿ ಬೇರುಬಿಟ್ಟವು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೇ ತಂದಿತು.

ನಾವು ಹೋದ ವೈನರಿಯಲ್ಲಿ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕುಗಳು. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈ ಆಕ್ಸೈಡ್ ಮಾಡುತ್ತದೆ. ಸಿಪ್ಪೆಯ ಸಮೇತ ಹುದುಗಿದರೆ ಕೆಂಪು ವೈನ್, ರಸ ಮಾತ್ರ ಹುದುಗಿದರೆ ಬಿಳಿ. ಬಣ್ಣವೂ ಒಗರೂ ಸಿಪ್ಪೆಯ ಕೊಡುಗೆ. ಆ ಒಗರಿನಿಂದಲೇ ಕೆಂಪು ವೈನ್ ಜಿಡ್ಡಿನ ಮಾಂಸದ ಅಡುಗೆಗೆ ಜೋಡಿ. ಹುಳಿ ಮುಂದಾದ ಬಿಳಿ ವೈನ್ ಮೀನಿಗೆ. ತುಸು ಸಿಹಿಯಾದ ಶೆನಿನ್ ಬ್ಲಾಂಕ್ ಖಾರದ ಊಟಕ್ಕೆ. ‘ಒಗರಿಗೆ ಜಿಡ್ಡು, ಖಾರಕ್ಕೆ ಸಿಹಿ. ಇದು ನಮ್ಮ ಅಡುಗೆಮನೆಯ ಲೆಕ್ಕವೇ ಅಲ್ಲವೇ?’ ಎಂದಳು ನನ್ನಾಕೆ. ರುಚಿ ನೋಡುವ ಮೇಜಿನತ್ತ ನಾವು ಹೋಗಲಿಲ್ಲ.

ಹೊರಗೆ ರಸ್ತೆ ಪಕ್ಕದ ಚಪ್ಪರದಡಿ ಒಬ್ಬ ಹಿರಿಯ ರೈತರು ಸಿಕ್ಕರು. ಯೂರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ. ಕಟಿಂಗ್ ಮಾಡಿಯೇ ಬಳ್ಳಿಯನ್ನು ಹದಕ್ಕೆ ತರಬೇಕು. ಅದನ್ನೆಲ್ಲ ವಿವರಿಸಿ ಅವರು ಸುಮ್ಮನಾದರು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಅಕ್ಕಪಕ್ಕದವರು ತೋಟ ಮಾರಿದರಂತೆ. ‘ಚಪ್ಪರ ಹಾಕೋಕೆ ವರ್ಷಗಳು ಬೇಕು ಸ್ವಾಮಿ, ಸೈಟು ಮಾಡೋಕೆ ಒಂದು ವಾರ ಸಾಕು’ ಎಂದರು. ಮಗಳ ಓದಿನ ವಿಷಯ ತಿಳಿದು ಮುಖ ಅರಳಿಸಿ, ‘ದ್ರಾಕ್ಷಿ ಓದೋಕೆ ಬರೋರೂ ಇದ್ದಾರಾ ತಾಯಿ? ಓದವ್ವ’ ಎಂದು ಎರಡು ಗೊಂಚಲು ಕೊಯ್ದು ಕೊಟ್ಟರು. ದುಡ್ಡು ಬೇಡವೆಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನಾಕೆ ಒಂದು ನೀಲಿ ಹಣ್ಣಿನ ಸಿಪ್ಪೆ ಸುಲಿದಳು. ಒಳಗಿನ ತಿರುಳು ತಿಳಿ ಹಸಿರು. ‘ಅವರು ಹೇಳಿದ್ದು ನಿಜ, ಬಣ್ಣವೆಲ್ಲ ಸಿಪ್ಪೆಯಲ್ಲೇ ಇದೆ’ ಎಂದು ಅದನ್ನು ಮಗಳ ಕೈಗಿತ್ತಳು. ಸ್ವಲ್ಪ ದೂರ ಬಂದ ಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: ‘ಆ ಕಾಲೇಜಿಗೆ ಅರ್ಜಿ ಯಾವಾಗ ಹಾಕಬೇಕು?’