ಇಳಿಯುವಾಗ ಹೆಬ್ಬೆರಳು ಮೊದಲು

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಅಪ್ಪನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ನಿನ್ನ ಸೋದರತ್ತೆಯ ಮನೆ ಗೃಹಪ್ರವೇಶದಲ್ಲಿ ನಾನು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಎಲೆಯ ಮೇಲಿನ ಹೋಳಿಗೆ ಮಾಯವಾಗಿತ್ತು. ಕೇಳಿದರೆ ಬಡಿಸಲೇ ಇಲ್ಲ ಅಂತಾರೆ. ಮಿಕ್ಕ ಸುದ್ದಿಯೆಲ್ಲ ಭಾನುವಾರಗಳ ಫೋನಿನಲ್ಲಿ ಆಗಿಹೋಗಿದೆ. ಫೋನಿನಲ್ಲಿ ಹೇಳದೆ ಇಟ್ಟುಕೊಂಡದ್ದು ಒಂದಿದೆ, ಅದಕ್ಕೇ ಈ ಕಾಗದ. ಬೀರುವಿನ ಮೇಲೆ ನೀನು ಬಿಟ್ಟುಹೋದ ಪಿಟೀಲು ಈಗ ಅಲ್ಲಿಲ್ಲ. ನಾನು ಕಲಿಯುತ್ತಿದ್ದೇನೆ ಕಣೇ. ನಿನ್ನ ಸರ್ ಹತ್ತಿರವೇ, ನಿಂತುಕೊಂಡು, ನಿಮ್ಮ ಪಾಶ್ಚಾತ್ಯ ಪದ್ಧತಿಯಲ್ಲಿ.

ನಗಬೇಡ. ಮದುವೆಗೆ ಮುಂಚೆ ನಾನು ಮೇಷ್ಟ್ರ ಮನೆಯಲ್ಲಿ ಚಾಪೆ ಮೇಲೆ ಕೂತು ಸರಳೆ, ಜಂಟಿ ದಾಟಿ ವರ್ಣದವರೆಗೆ ಬಂದಿದ್ದು ನಿನಗೆ ಗೊತ್ತೇ ಇದೆ. ಅದನ್ನೇ ಮುಂದುವರಿಸಬಹುದಿತ್ತಲ್ಲ ಅಂತ ಅಪ್ಪನೂ ಕೇಳಿದರು. ಮುಂದುವರಿಸಬಹುದಿತ್ತು. ಆದರೆ ನಿನ್ನನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ ಮೂಲೆಯ ಬೆಂಚಿನಲ್ಲಿ ಹೆಣಿಗೆ ಹಿಡಿದು ಕೂರುತ್ತಿದ್ದೆನಲ್ಲ, ಸರ್ ಹೇಳುತ್ತಿದ್ದ ‘ಶಿಫ್ಟ್, ಶಿಫ್ಟ್’ ಅನ್ನುವ ಮಾತು ಅಂದಿನಿಂದ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಮನೆಗೆ ಬಂದು ನೀನು ಬಾಗಿಲು ಹಾಕಿಕೊಂಡು ಅದನ್ನೇ ಉಜ್ಜುತ್ತಿದ್ದೆ, ನಾನು ಅಡುಗೆಮನೆಯಲ್ಲಿ ಕೇಳುತ್ತಿದ್ದೆ. ಸರಿಯಾಗಿ ಬಿದ್ದದ್ದು ಯಾವುದು, ತಪ್ಪಿದ್ದು ಯಾವುದು ಅಂತ ಕಿವಿಗೆ ತಿಳಿಯುತ್ತಿತ್ತು. ಯಾಕೆ ತಪ್ಪಿತು ಅನ್ನುವುದು ತಿಳಿಯುತ್ತಿರಲಿಲ್ಲ. ಅದೇನು ಅಂತ ಒಂದು ಕೈ ನೋಡಿಬಿಡೋಣ ಅನ್ನಿಸಿತು.

ಕಲಿಯುತ್ತಿರುವುದು ಶೋಲ್ಡರ್ ರೆಸ್ಟ್, ಅಂದರೆ ಪಿಟೀಲಿನ ಅಡಿಗೆ ಸಿಕ್ಕಿಸುವ ಭುಜದ ಆಸರೆ, ಇಲ್ಲದೆ. ಅದಕ್ಕೆ ದೊಡ್ಡ ತತ್ತ್ವವೇನೂ ಇಲ್ಲ, ನೀನೇ ಕಾರಣ. ಹೊಸ ಪಿಟೀಲು ಹೋಗುವ ಊರಲ್ಲೇ ಕೊಳ್ಳುತ್ತೇನೆ ಅಂತ ಹಳೆಯದನ್ನು ಬಿಟ್ಟು ರೆಸ್ಟನ್ನು ಮಾತ್ರ ಸೂಟ್‌ಕೇಸಿಗೆ ಹಾಕಿಕೊಂಡು ಹೋದೆ. ಇನ್ನೊಂದು ತರಿಸಲೇ ಅಂದರೆ ಸರ್, “ಸದ್ಯಕ್ಕೆ ಬೇಡಮ್ಮ, ನಿಮ್ಮ ಕತ್ತು ಗಿಡ್ಡ, ಹಾಗೇ ಕೂರುತ್ತೆ” ಅಂದರು. ಹುಟ್ಟಿದಾಗಿನಿಂದ ನನ್ನ ಕತ್ತನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಮೊದಲು ಎದುರಾದದ್ದು ಸೀರೆಯ ತಕರಾರು. ಸೆರಗು ಬರುವುದೂ ಎಡಭುಜದ ಮೇಲೆ, ಪಿಟೀಲು ಕೂರುವುದೂ ಅಲ್ಲೇ. ಸೆರಗಿನ ಪಿನ್ನು ಪಿಟೀಲಿನ ಬೆನ್ನನ್ನು ಗೀಚುತ್ತೆ ಅಂತ ಈಗ ಅದನ್ನು ಹಿಂದಕ್ಕೆ, ರವಿಕೆಯ ಬೆನ್ನಿನ ಕಡೆಗೆ ಹಾಕಿಕೊಳ್ಳುತ್ತೇನೆ. ರೇಷ್ಮೆ, ಸಿಂಥೆಟಿಕ್ ಎರಡೂ ಆಗದು, ಜಾರುತ್ತೆ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು. ಜರ್ಮನಿಯ ಆನ್ನೆ ಸೋಫಿ ಮುಟ್ಟರ್ ಯಾವಾಗಲೂ ಭುಜ ತೆರೆದ ಗೌನು ಹಾಕಿ ನಿಲ್ಲುತ್ತಾರಲ್ಲ, ಅದು ಬರೀ ಅಲಂಕಾರವಲ್ಲ ಅಂತ ಸರ್ ಹೇಳಿದರು. ಆಕೆ ರೆಸ್ಟ್ ಇಡುವುದಿಲ್ಲ. ಬರಿಮೈಗೆ ತಾಗಿದ ಮರ ಕದಲುವುದಿಲ್ಲ. ನನಗೆ ಆ ಭಾಗ್ಯವಿಲ್ಲದ್ದರಿಂದ ಮೆತ್ತನೆಯ ತೊಗಲಿನ ತುಂಡೊಂದನ್ನು ಸೆರಗಿನ ಮೇಲೆ ಹಾಕಿಕೊಳ್ಳುತ್ತೇನೆ.

ರೆಸ್ಟ್ ಇದ್ದಾಗ ಪಿಟೀಲು ಗಲ್ಲಕ್ಕೂ ಭುಜಕ್ಕೂ ನಡುವೆ ತಾನಾಗಿ ನಿಲ್ಲುತ್ತೆ, ಎಡಗೈ ಬಿಟ್ಟರೂ ಬೀಳುವುದಿಲ್ಲ. ತೆಗೆದ ಮೇಲೆ ಒಂದು ಕೊನೆ ಕೊರಳೆಲುಬಿನ ಮೇಲೆ, ಇನ್ನೊಂದು ಕೊನೆ ಕೈಯಲ್ಲಿ. ಅರ್ಧ ಕಿಲೋ ಸುಮಾರಿನ ವಸ್ತು, ಭಾರದ ಮಾತೇ ಅಲ್ಲ. ಹೊತ್ತುಕೊಂಡಿರುವ ಕೈಯೇ ಓಡಾಡಲೂಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಮ್ಮ ಪದ್ಧತಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿಗೂ ಬುಡವನ್ನು ಎದೆಗೂ ಆನಿಸಿಬಿಟ್ಟರೆ ಎರಡು ಕಡೆಯೂ ಮೈಯೇ ಹಿಡಿದಿರುತ್ತೆ. ಎಡಗೈಗೆ ನುಡಿಸುವುದೊಂದೇ ಕೆಲಸ. ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು ತಂತಿಯ ಈ ತುದಿಯಿಂದ ಆ ತುದಿಗೆ ಹೋಗಿಬರಬಹುದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನ ಸೀಮೆಯಲ್ಲಿ ಯುರೋಪಿಯನ್ನರ ಈ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು ಅಂತ ಮೇಷ್ಟ್ರು ಹೇಳುತ್ತಿದ್ದರು. ಅದೇ ಮರ, ಅದೇ ನಾಲ್ಕು ತಂತಿ. ಎದ್ದು ನಿಂತ ಕೂಡಲೇ ನಾನು ಕಲಿತದ್ದರಲ್ಲಿ ಅರ್ಧ ಕೆಲಸಕ್ಕೆ ಬಾರದೆ ಹೋಯಿತು.

ಇನ್ನೊಂದು ಜಗಳ ಕಿವಿಯದು. ‘ಜಿಗಿಯಬೇಡ, ಜಾರು’ ಅಂತ ಮೇಷ್ಟ್ರು ಬೈಯುತ್ತಿದ್ದರು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿ ಕೇಳಿಸದಿದ್ದರೆ ಅವರಿಗದು ಸಂಗೀತವೇ ಅಲ್ಲ. ಸರ್ ನೋಡಿದರೆ ದಾರಿ ಕೇಳಿಸಲೇಬಾರದು ಅಂತಾರೆ. “ಹಾಗಾದರೆ ನೀವೇ ಕೊಟ್ಟ ಕ್ರೈಸ್ಲರ್ ಅವರ ಹಳೆಯ ರೆಕಾರ್ಡಿನಲ್ಲಿ ಅಷ್ಟೊಂದು ಜಾರು ಇದೆಯಲ್ಲ?” ಅಂತ ಕೇಳಿದೆ. “ಅವರಿಗೆ ಜಾರದೆಯೂ ಬರುತ್ತಿತ್ತು, ಮೊದಲು ಅದನ್ನ ಕಲೀರಿ” ಅಂದರು. ಬಾಯಿ ಮುಚ್ಚಿಕೊಂಡೆ.

ಈಗ ಶಿಫ್ಟಿನ, ಅಂದರೆ ಎಡಗೈಯನ್ನು ತಂತಿಯ ಉದ್ದಕ್ಕೆ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಸುವ ವಿಷಯ. ಎ ತಂತಿಯ ಮೇಲೆ ಮೊದಲ ಬೆರಳು ಫಸ್ಟ್ ಪೊಸಿಷನ್ನಿನಲ್ಲಿ ಬಿ, ಥರ್ಡ್ ಪೊಸಿಷನ್ನಿನಲ್ಲಿ ಡಿ. ಟೇಪಿನಲ್ಲಿ ಅಳೆದು ನೋಡಿದೆ, ನಡುವೆ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಇಷ್ಟಕ್ಕೇ ಇಷ್ಟು ರಾಮಾಯಣ! ಏರುವುದು ಬೇಗ ಬಂತು. ಬೆರಳಿನ ಒತ್ತಡ ಬಿಟ್ಟು ತಂತಿಯನ್ನು ಸವರುವಷ್ಟೇ ತಾಗಿಸಿ, ಕಮಾನಿನ ಭಾರವನ್ನೂ ಆ ಹೊತ್ತಿಗೆ ಕಡಿಮೆ ಮಾಡಿ, ಮುಂಗೈಯನ್ನು ಕೊರಳ ಕಡೆಗೆ ತಂದರೆ ಆಯಿತು. ಕೈ ಮೈಯ ಕಡೆಗೇ ಬರುವುದರಿಂದ ಪಿಟೀಲು ಕೊರಳಿಗೆ ಒತ್ತಿಕೊಳ್ಳುತ್ತೆ, ಬೀಳುವ ಭಯವಿಲ್ಲ. ಅಂಗೈಯ ಬುಡ ಪಿಟೀಲಿನ ಮೈಗೆ ತಗುಲಿದರೆ ಥರ್ಡ್ ಪೊಸಿಷನ್ ಬಂತು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಡಿ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಅನ್ನುವುದಕ್ಕೆ ಪಕ್ಕದ ಖಾಲಿ ಡಿ ತಂತಿಯೇ ಸಾಕ್ಷಿ. ಶ್ರುತಿ ಕೂಡಿದರೆ ಯಾರೂ ಮುಟ್ಟದೆ ಅದು ತಾನೂ ಅದುರುತ್ತೆ, ಕೂದಲೆಳೆ ತಪ್ಪಿದರೂ ಸುಮ್ಮನಿರುತ್ತೆ. ಸಂಜೆ ಬೆಳಕಿನಲ್ಲಿ ಆ ತಂತಿ ಮಸುಕಾಗಿ ನಡುಗುವುದನ್ನು ನೋಡುತ್ತಾ ನಿಂತು ಒಂದೆರಡು ಸಲ ಹಾಲು ಉಕ್ಕಿಸಿದ್ದೂ ಆಯಿತು.

ಇಳಿಯುವುದು ಬೇರೆಯೇ ವಿದ್ಯೆ. ಕೈ ಹಿಂದಕ್ಕೆ ಬರುವಾಗ ಪಿಟೀಲನ್ನೂ ಜೊತೆಗೆ ಎಳೆದುಕೊಂಡು ಬರುತ್ತೆ. ಗಲ್ಲದ ಕೆಳಗಿನಿಂದ ಅದು ಮೆಲ್ಲಗೆ ನುಣುಚಿಕೊಳ್ಳುವುದು ಗೊತ್ತಾಗುತ್ತಿದ್ದ ಹಾಗೆ ಮೈಯೆಲ್ಲ ಬಿಗಿಯುತ್ತೆ: ಹಲ್ಲು ಕಚ್ಚುತ್ತೆ, ಭುಜ ಏಳುತ್ತೆ, ಹೆಬ್ಬೆರಳು ಪಿಟೀಲಿನ ಕತ್ತನ್ನು ಹಿಸುಕುತ್ತೆ. ಹಿಸುಕಿದ ಹೆಬ್ಬೆರಳು ಹೇಗೆ ತಾನೇ ಸರಿದೀತು? ಆ ಕತ್ತಿಗೆ ವಾರ್ನಿಷ್ ಬಳಿಯದೆ ನಯಮಾಡಿ ಬಿಟ್ಟಿರುವುದೇ ಕೈ ಓಡಾಡಲಿ ಅಂತ. ಏಪ್ರಿಲ್ ತಿಂಗಳ ಬೆವರಿಗೆ ಅಲ್ಲೂ ಅಂಟುತ್ತೆ, ಆ ಮಾತು ಬೇರೆ. ಸರ್ ತೋರಿಸಿದ ಉಪಾಯ ಇದು. ಬೆರಳುಗಳು ಮೇಲೇ ನುಡಿಸುತ್ತಿರುವಾಗ ಹೆಬ್ಬೆರಳು ತಾನೊಂದೇ ಮುಂಚಿತವಾಗಿ ಕೆಳಗಿನ ಜಾಗಕ್ಕೆ ಹೋಗಿ ಕೂರಬೇಕು, ಆಮೇಲೆ ಕೈ ಅದರ ಹಿಂದೆ ಬರಬೇಕು. ಅಟ್ಟದಿಂದ ಏಣಿ ಇಳಿಯುವಾಗ ಒಂದು ಕಾಲು ಮೊದಲು ಕೆಳಗಿನ ಮೆಟ್ಟಿಲನ್ನು ತಡಕುತ್ತಲ್ಲ, ಹಾಗೆ. ಕೈ ಬರುವ ಆ ಒಂದು ಗಳಿಗೆ ತಲೆಯ ಭಾರವನ್ನು ಗಲ್ಲದ ಮೇಲೆ ಬಿಟ್ಟರೆ ಸಾಕು, ಒತ್ತಬೇಕಾಗಿಲ್ಲ. ಪಿಟೀಲಿನ ತಲೆಯನ್ನು ಚೂರು ಎತ್ತಿ ಹಿಡಿದರೆ ಅದರ ತೂಕವೇ ಅದನ್ನು ಕೊರಳ ಕಡೆಗೆ ತಳ್ಳುತ್ತೆ. ತಲೆ ಬಗ್ಗಿಸಿದೆಯೋ, ಕೆಟ್ಟೆ.

ನಿನ್ನ ಪುಸ್ತಕದಲ್ಲಿ ಪೆನ್ಸಿಲ್ ಗೀಟು ತುಂಬಿರುವ ವಿವಾಲ್ಡಿಯ ಎ ಮೈನರ್ ಕಾನ್ಚೆರ್ಟೊ ಈಗ ನನ್ನ ಸ್ಟ್ಯಾಂಡಿನ ಮೇಲಿದೆ. ಅದು ಅಚ್ಚಾದದ್ದು 1711ರಲ್ಲಿ. ಆಗ ಶೋಲ್ಡರ್ ರೆಸ್ಟ್ ಇರಲಿ, ಗಲ್ಲ ಊರುವ ಚಿನ್ ರೆಸ್ಟೂ ಇರಲಿಲ್ಲ; ಅದನ್ನು ಲೂಯಿ ಸ್ಪೋರ್ ಎಂಬ ಜರ್ಮನ್ ವಾದಕರು ಕಂಡುಹಿಡಿದದ್ದು 1820ರ ಹೊತ್ತಿಗೆ. ವಿವಾಲ್ಡಿ ವೆನಿಸ್ಸಿನಲ್ಲಿ ತಬ್ಬಲಿ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ಪಿಟೀಲು ಮೇಷ್ಟ್ರಾಗಿದ್ದರಂತೆ. ಆ ಹುಡುಗಿಯರು ಬರೀ ಮರವನ್ನು ಕೊರಳೆಲುಬಿಗೆ ಆನಿಸಿಕೊಂಡು ಹೀಗೇ ಏರಿ ಇಳಿಯುತ್ತಿದ್ದಿರಬೇಕಲ್ಲ ಅಂತ ಯೋಚನೆ ಬರುತ್ತೆ. ನಮ್ಮ ಮೊಜಾರ್ಟ್‌ನ ಅಪ್ಪ ಲಿಯೊಪೋಲ್ಡ್, ಮಗ ಹುಟ್ಟಿದ 1756ರಲ್ಲೇ ಪಿಟೀಲಿನ ಪಾಠಪುಸ್ತಕ ಅಚ್ಚು ಹಾಕಿಸಿದ. ಕೆಳಗಿಳಿಯಬೇಕಾದರೆ ಖಾಲಿ ತಂತಿ ನುಡಿಯುವ ಹೊತ್ತು ನೋಡಿ ಕೈ ಇಳಿಸಿ ಅಂತ ಅದರಲ್ಲಿ ಇದೆಯಂತೆ. ಎಂಥ ಜಾಣ! ಖಾಲಿ ತಂತಿಗೆ ಬೆರಳು ಬೇಡ, ಅಷ್ಟರಲ್ಲಿ ಕೈ ನಿಧಾನವಾಗಿ ಮನೆ ಸೇರಬಹುದು. ವಿವಾಲ್ಡಿಯಲ್ಲಿ ಅಂಥ ಜಾಗ ಸಿಕ್ಕಿದ ಕಡೆಯೆಲ್ಲ ನಿನ್ನ ಪೆನ್ಸಿಲ್ ಅಳಿಸಿ ನನ್ನ ಗುರುತು ಹಾಕಿದ್ದೇನೆ. ಬೈಯಬೇಡ.

ಇಷ್ಟೆಲ್ಲ ಬರೆದದ್ದು ನನ್ನ ವಿದ್ಯೆ ತೋರಿಸುವುದಕ್ಕಲ್ಲ. ಹೋದ ಭಾನುವಾರ ಮಾತಿನ ಮಧ್ಯೆ ಎಡಗಡೆ ಕತ್ತು ಹಿಡಿದುಕೊಂಡಿದೆ ಅಂತ ತೇಲಿಸಿ ಹೇಳಿ ಬೇರೆ ವಿಷಯಕ್ಕೆ ಹಾರಿದೆ. ನೀನು ತೇಲಿಸಿದ ಮಾತೇ ನನ್ನ ಹೊಟ್ಟೆಯಲ್ಲಿ ಕೂರುವುದು, ಚಿಕ್ಕಂದಿನಿಂದ ಅದೇ ಕಥೆ. ನೀನು ಕಳಿಸಿದ್ದ ಆರ್ಕೆಸ್ಟ್ರಾದ ವಿಡಿಯೊ ತೆಗೆದು ಶಬ್ದ ನಿಲ್ಲಿಸಿ ನೋಡಿದೆ. ಏರುವಾಗ ನಿನ್ನ ಭುಜ ಸುಮ್ಮನಿದೆ. ಇಳಿಯುವಾಗಲೆಲ್ಲ ಎಡಭುಜ ಕಿವಿಯ ಕಡೆಗೆ ಏಳುತ್ತೆ, ದವಡೆ ಒತ್ತುತ್ತೆ. ಸ್ವರ ಎಲ್ಲೂ ತಪ್ಪುವುದಿಲ್ಲ, ಪಿಟೀಲು ಅಲುಗುವುದೂ ಇಲ್ಲ, ಯಾಕೆಂದರೆ ಕೆಳಗೆ ರೆಸ್ಟ್ ಇದೆ. ನನ್ನದು ಹಾಗೆ ಮಾಡಿದರೆ ನುಣುಚಿಕೊಂಡು ಚಾಡಿ ಹೇಳುತ್ತೆ. ನಿನ್ನದು ಹೇಳುವುದಿಲ್ಲ, ನೋವನ್ನು ಕತ್ತಿಗೆ ದಾಟಿಸಿ ತಾನು ಒಳ್ಳೆಯದಾಗಿ ಉಳಿಯುತ್ತೆ. ನನ್ನ ಲೆಕ್ಕದಲ್ಲಿ ನಿನ್ನ ಕತ್ತಿನ ಕಾಟ ಅಲ್ಲಿದೆ.

ರೆಸ್ಟ್ ಬಿಸಾಡು ಅಂತ ನಾನು ಹೇಳುವುದಿಲ್ಲ. ಅದನ್ನು ಪಾಪ ಅನ್ನುವ ಹಾಗೆ ಮಾತಾಡುವವರು ಇದ್ದಾರೆ. ಹೈಫೆಟ್ಜ್ ಅವರ ಗುರು ಲಿಯೊಪೋಲ್ಡ್ ಔಅರ್ ಭುಜದ ಮೆತ್ತೆಯಿಂದ ನಾದ ಸತ್ತುಹೋಗುತ್ತೆ ಅಂತ 1921ರ ತಮ್ಮ ಪುಸ್ತಕದಲ್ಲೇ ಬರೆದರು. ಪರ್ಲ್‌ಮನ್ ಕೂಡ ಇಲ್ಲದೆಯೇ ನುಡಿಸುತ್ತಾರೆ. ಆದರೆ ನಿನ್ನ ಮೆಚ್ಚಿನ ಹಿಲರಿ ಹಾನ್ ಇಟ್ಟುಕೊಂಡೇ ನುಡಿಸುತ್ತಾರೆ, ಅವರ ನಾದಕ್ಕೇನಾಗಿದೆ? ಕತ್ತು ಯಾರದೋ ಅವರಿಗೆ ತಕ್ಕ ಹಾಗೆ. ನಿನ್ನದು ಅಪ್ಪನ ಮನೆಯವರ ಕತ್ತು, ಉದ್ದ, ಎತ್ತರ ಬೇಕೇ ಬೇಕು. ಆ ಎತ್ತರವೆಲ್ಲ ಕೆಳಗಿನಿಂದಲೇ ಬರಬೇಕಾಗಿಲ್ಲ ಅಷ್ಟೆ. ಎತ್ತರದ ಚಿನ್ ರೆಸ್ಟ್ ಹಾಕಿಸಿಕೊಂಡು, ಶೋಲ್ಡರ್ ರೆಸ್ಟಿನ ಕಾಲಿನ ತಿರುಪು ಒಂದೆರಡು ಸುತ್ತು ಇಳಿಸಿ ನೋಡು. ದಿನದ ಅಭ್ಯಾಸ ಮುಗಿಯುವಾಗ ಸ್ವಲ್ಪ ಹೊತ್ತು ರೆಸ್ಟ್ ತೆಗೆದಿಟ್ಟು ಬಿ ಯಿಂದ ಡಿ ಗೆ, ಡಿ ಯಿಂದ ಬಿ ಗೆ ನಿಧಾನವಾಗಿ ಹೋಗಿ ಬಾ. ಹಾಸಿಗೆಯ ಪಕ್ಕ ನಿಂತುಕೋ, ಜಾರಿದರೂ ಮೆತ್ತಗೆ ಬೀಳಲಿ. ಅಲ್ಲಿಯ ರಿಪೇರಿ ಖರ್ಚು ನಮ್ಮ ಕೈಲಾಗದು. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡ, ಪಿಟೀಲು ಪೆಟ್ಟಿಗೆಗೆ ಹಾಕಿ ನೇರವಾಗಿ ಡಾಕ್ಟರ ಹತ್ತಿರ ಹೋಗು. ಹೋದೆ ಅಂತ ಸುಳ್ಳು ಹೇಳಬೇಡ.

ಎದುರುಮನೆಯವರ ಮಗ ಮುಂದಿನ ತಿಂಗಳು ನಿಮ್ಮ ಊರಿಗೇ ಬರುತ್ತಾನಂತೆ. ಅವನ ಕೈಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಇಂಥದೇ ಒಂದು ತೊಗಲಿನ ತುಂಡು ಕಳಿಸುತ್ತೇನೆ. ಚಟ್ನಿಪುಡಿ ಡಬ್ಬಿಯ ಪಕ್ಕ ತೊಗಲು ಇಡಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ, ಕೇಳಿದರೆ ಪುಣ್ಯ. ಈ ಕಾಗದ ತಲುಪಿದ ಮೇಲಿನ ಭಾನುವಾರ ಪಿಟೀಲು ಹಿಡಿದುಕೊಂಡೇ ಫೋನ್ ಮಾಡು. ಫೋನನ್ನು ನಿನ್ನ ಎಡಗಡೆ, ಸ್ವಲ್ಪ ಕೆಳಗೆ ಇಡು. ಮುಖ ಕಾಣದಿದ್ದರೂ ಪರವಾಗಿಲ್ಲ, ಹೆಬ್ಬೆರಳು ಕಾಣಬೇಕು.

ಇತಿ,
ನಿನ್ನ ಅಮ್ಮ