ಸೋಲಾಪುರದ ಪೂರ್ವ ಭಾಗ

ಜವಳಿ ಖರೀದಿಗೆಂದು ಸೋಲಾಪುರಕ್ಕೆ ಹೋಗುವ ನಮ್ಮ ವ್ಯಾಪಾರಿ ಬಾಂಧವರು ಪೇಟೆಯ ಕೆಲಸ ತೀರಿಸಿ, ಬಸದಿಯ ದರ್ಶನ ಮಾಡಿ, ಸಿದ್ಧೇಶ್ವರನ ಕೆರೆಯ ದಂಡೆಯಲ್ಲಿ ತುಸು ಕುಳಿತು ಊರಿಗೆ ಮರಳುವುದು ರೂಢಿ. ಆದರೆ ನಮ್ಮ ಅಂಗಡಿಗಳ ಚಾದರ, ಟವೆಲುಗಳ ಹಿಂದಿರುವ ದುಡಿಮೆ ಬಹುಮಟ್ಟಿಗೆ ಊರಿನ ಪೂರ್ವ ಭಾಗದ್ದು. ಸಾಖರಪೇಠ, ದಾಜಿಪೇಠ, ಕನ್ನಾ ಚೌಕ, ಅಶೋಕ ಚೌಕಗಳ ಆ ಓಣಿಗಳಲ್ಲಿ ಕಾಲಿಡುವ ಗಿರಾಕಿಗಳು ಕಡಿಮೆ.

ಮುರಾರಜಿ ಗೋಕುಳದಾಸರ ಗಿರಣಿ ಇಲ್ಲಿ ಆರಂಭವಾದದ್ದು 1877ರಲ್ಲಿ, ದೊಡ್ಡ ಬರಗಾಲದ ನಡುವೆ. ಜನರ ಬಾಯಲ್ಲಿ ಅದು ‘ಜುನಿ ಮಿಲ್’. (ನಮ್ಮ ಸಮಾಜದ ವಾಲಚಂದ ಹಿರಾಚಂದರು ಇದೇ ಊರಿನಲ್ಲಿ 1882ರಲ್ಲಿ ಹುಟ್ಟಿದರು.) ಬರುಬರುತ್ತ ಮತ್ತಷ್ಟು ಗಿರಣಿಗಳೆದ್ದವು, ತೆಲಂಗಾಣದ ಪದ್ಮಶಾಲಿ ನೇಕಾರರು ಬಂದು ನೆಲೆಸಿದರು. ಅವರಿಗೆ ಮನೆಯಲ್ಲಿ ತೆಲುಗು, ಹೊರಗೆ ಮರಾಠಿ. ಕನ್ನಡದವರು ಕಂಡರೆ ಕನ್ನಡವೂ ಉಂಟು. 1930ರ ಮೇ ತಿಂಗಳಲ್ಲಿ ಗಿರಣಿಯ ಕೂಲಿಕಾರರು ಬೀದಿಗಿಳಿದಾಗ ಆಂಗ್ಲ ಸರಕಾರ ಇಡೀ ಊರಿಗೇ ಮಾರ್ಷಲ್ ಲಾ ಹೇರಿತ್ತು. 1949ರ ಆಗಸ್ಟಿನಲ್ಲಿ ಜುನಿ ಮಿಲ್ಲಿಗೆ ಬೀಗ ಬಿತ್ತು. ಮರುವರ್ಷ ಸರಕಾರ ಸುಗ್ರೀವಾಜ್ಞೆಯಿಂದ ಅದನ್ನು ವಶಕ್ಕೆ ತೆಗೆದುಕೊಂಡಾಗ ಷೇರುದಾರರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಆ ದಾವೆಯನ್ನು ಕಾನೂನು ಓದುವ ಹುಡುಗರು ಇಂದಿಗೂ ಓದುತ್ತಾರೆ.

ಗಿರಣಿಗಳು ಒಂದೊಂದಾಗಿ ನಿಂತರೂ ಮಗ್ಗ ನಿಲ್ಲಲಿಲ್ಲ, ಓಣಿಗೆ ಬಂತು. ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗ, ಹಿಂದೆ ಅಡಿಗೆ ಮನೆ. ಹೆಂಗಸರು ಎಲೆ, ತಂಬಾಕು ತಂದು ಹೊಸ್ತಿಲಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಮಾತಾಡಬೇಕೆಂದರೆ ಕೂಗಿಯೇ ಮಾತಾಡಬೇಕು, ಅಷ್ಟು ಸದ್ದು. ಸೋಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ದುಡಿಯುವಲ್ಲೇ ಮಲಗುವ ಪದ್ಧತಿಯ ಬೆಲೆಯೂ ಗೊತ್ತಿರಲಿ: 2025ರ ಮೇ 18ರಂದು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದು ಎಂಟು ಜನ ತೀರಿಕೊಂಡರು. ಮಾಲೀಕರ ಕುಟುಂಬವೂ ಕೆಲಸಗಾರರೂ ಅಲ್ಲೇ ವಾಸವಾಗಿದ್ದರು.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕುಂಭಾರಿ. ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಅಲ್ಲಿ 10,000 ಮನೆಗಳಾದವು. 2024ರ ಜನವರಿಯಲ್ಲಿ ರಾಯನಗರದ 15,000 ಮನೆಗಳನ್ನು ಹಂಚಲಾಯಿತು. ಪಡೆದವರಲ್ಲಿ ಮಗ್ಗದ ಕೆಲಸಗಾರರೂ ಇದ್ದಾರೆ. ಮನೆ ಬೇರೆ, ಕೆಲಸ ಬೇರೆ ಎಂಬುದು ಹಲವರಿಗೆ ಹೊಸ ಅನುಭವ.

ಪೂರ್ವ ಭಾಗವನ್ನು ನೋಡುವುದಾದರೆ ನೂಲ ಹುಣ್ಣಿಮೆಗೆ ಹೋಗಬೇಕು. ವಿಷ್ಣುಕುಮಾರ ಮುನಿಗಳು 700 ಮುನಿಗಳ ಉಪಸರ್ಗ ನೀಗಿದ ರಕ್ಷಾಬಂಧನದ ದಿನ ನಮಗೆ. ನೇಕಾರರಿಗೆ ಜನಿವಾರ ಬದಲಿಸುವ ದಿನ, ಮಾರ್ಕಂಡೇಯ ಮಹಾಮುನಿಯ ರಥೋತ್ಸವ. ಬಸದಿಯ ಪೂಜೆ ಮುಗಿಸಿ ಹೋದರೂ ರಥ ಸಿಗುತ್ತದೆ.